ಊರಿಗೊಂದು ಸಮೀಕರಣ

ಹೋದ ತಿಂಗಳು ಪುತ್ತೂರಿನ ದರ್ಬೆಯ ಒಂದು ಅಂಗಡಿಯಲ್ಲಿ ಈಂದಿನ ಹುಡಿ ಕಂಡಿತು. ಪ್ಲಾಸ್ಟಿಕ್ ಪ್ಯಾಕೆಟ್, ಮೇಲೆ ಹಸಿರು ಎಲೆಯ ಚಿತ್ರ, ಪಕ್ಕದಲ್ಲಿ ಜೇನಿನ ಬಾಟಲಿಗಳು. "ಭಾರೀ ಒಳ್ಳೆದು ಅಮ್ಮಾ, ಹೊಟ್ಟೆಗೆ ತಂಪು. ಈಗ ಎಲ್ಲರೂ ಕೇಳಿಕೊಂಡು ಬರ್ತಾರೆ" ಎಂದ ಅಂಗಡಿಯವನು. ನನಗೆ ಹೇಳಿಕೊಡಲು ಬಂದಿದ್ದ, ಪುಣ್ಯಾತ್ಮ! ಬೈನೆ ಮರವನ್ನು ಕಡಿದು, ಅದರ ತಿರುಳು ಕುಟ್ಟಿ, ನೀರಿನಲ್ಲಿ ಕಲಸಿ ಸೋಸಿ, ಅಡಿಯಲ್ಲಿ ನಿಂತದ್ದನ್ನು ಒಣಗಿಸಿದರೆ ಸಿಗುವ ಹಿಟ್ಟು ಅದು. ನಮ್ಮ ಕಾಲದಲ್ಲಿ ಅದನ್ನು ಯಾರೂ ಕೇಳಿಕೊಂಡು ಹೋಗುತ್ತಿರಲಿಲ್ಲ. ಮನೆಯಲ್ಲಿ ಅಕ್ಕಿ ಮುಗಿದಾಗ ಅದರ ಗಂಜಿ ಕಾಯಿಸುತ್ತಿದ್ದರು, ಕಾಯಿಸಿದ್ದು ನೆರೆಮನೆಗೆ ತಿಳಿಯದ ಹಾಗೆ ಬಾಗಿಲು ಎಳೆದುಕೊಳ್ಳುತ್ತಿದ್ದರು.

ಯಾಕೋ ಒಂದು ಪ್ಯಾಕೆಟ್ ತಂದೆ. ಒಲೆಯ ಮೇಲಿಟ್ಟು ತಿರುವುತ್ತಿದ್ದ ಹಾಗೆ ಆ ವಾಸನೆ ಎದ್ದಿತು. ಹಸಿ ಮರ ಸೀಳಿದಾಗ ಬರುವಂಥದ್ದು, ಸ್ವಲ್ಪ ಹುಳಿ ಬೆರೆತದ್ದು. ಗ್ಯಾಸ್ ಆರಿಸಿ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ನಮ್ಮ ಬೀಜಗಣಿತದ ಮಾಷ್ಟ್ರು ನೆನಪಾದರು... ಅವರನ್ನು ಮರೆತಿದ್ದೆನೆಂದಲ್ಲ. ಮರೆತ ಹಾಗೆ ಇರುವ ಅಭ್ಯಾಸ ಮಾಡಿಕೊಂಡಿದ್ದೆ.

ಅರುವತ್ತರ ದಶಕದ ನಡುವಿನ ಮಾತು. ನಾನು ಆಗ ಕಡಬದ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮನೆ ಪುತ್ತೂರಿನಲ್ಲಿದ್ದರೂ ವಾರವಿಡೀ ಕಡಬದ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ನನ್ನ ಎದುರಿನ ಮೇಜು ಮಾಷ್ಟ್ರದ್ದು. ನಲುವತ್ತರ ಹತ್ತಿರದ ಪ್ರಾಯ, ಮದುವೆಯಾಗಿರಲಿಲ್ಲ. ಕೋಡಿಂಬಾಳದಲ್ಲಿ ಒಂದು ಕೋಣೆ ಮಾಡಿಕೊಂಡು, ಕಡಬದ ಹೋಟೆಲಿನಲ್ಲಿ ಉಣ್ಣುತ್ತಿದ್ದರು. ಅಂಗಿಯ ಕಿಸೆಯಲ್ಲಿ ಯಾವಾಗಲೂ ಸೀಮೆಸುಣ್ಣದ ತುಂಡು. ಎಲ್ಲಿ ಕಪ್ಪು ಮೈ ಕಂಡರೂ, ಅದು ಬಸ್ಸಿನ ಹಿಂಬದಿಯಾಗಲಿ, ಹೊಗೆ ಹಿಡಿದ ಗೋಡೆಯಾಗಲಿ, ಏನಾದರೂ ಬರೆಯದೆ ಇರಲು ಅವರಿಂದ ಆಗುತ್ತಿರಲಿಲ್ಲ.

ಪಾಠ ಮಾಡುತ್ತಿದ್ದದ್ದು ಬೀಜಗಣಿತವಾದರೂ ಪ್ರಾಣ ಇದ್ದದ್ದು ಅರ್ಥಶಾಸ್ತ್ರದಲ್ಲಿ. ಶಾಲೆಯ ಕೆಲಸದ ನಡುವೆಯೇ ಓದಿ, ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ, ಅದರಲ್ಲಿ ಎಂ.ಎ. ಮಾಡಿಕೊಂಡಿದ್ದರು. ಪುತ್ತೂರಿನಲ್ಲಿ ಕಾಲೇಜು ಬರುತ್ತದಂತೆ ಎಂಬ ಸುದ್ದಿ ಎದ್ದಾಗ ಮದುವೆ ಗೊತ್ತಾದವರ ಹಾಗೆ ಓಡಾಡಿದರು. ಆದರೆ ತಾವು ಓದಿದ ಪುಸ್ತಕಗಳ ಮೇಲೆಯೇ ಅವರಿಗೆ ಸಿಟ್ಟು. ಅವುಗಳಲ್ಲಿ ಪುಟಗಟ್ಟಲೆ ಮಾತು, ಒಂದು ಸಮೀಕರಣವಿಲ್ಲ ಎಂದು.

"ಬರೇ ಮಾತಿನ ಅರ್ಥಶಾಸ್ತ್ರ ಅಂದ್ರೆ ಜಗಳ ಟೀಚರೆ. ಯಾರ ಸ್ವರ ದೊಡ್ಡದೋ ಅವ ಗೆದ್ದ. ಅಕ್ಷರ ಹಾಕಿ ಬರೆದ್ರೆ ಜಗಳಕ್ಕೆ ಜಾಗ ಎಲ್ಲಿ ಉಂಟು?" ಎನ್ನುತ್ತಿದ್ದರು.

ಒಮ್ಮೆ ಬಂಗುಡೆ ಮೀನಿನ ಕ್ರಯ ಯಾಕೆ ಏರಿತು ಎಂದು ಸುಮ್ಮನೆ ಕೇಳಿ ಸಿಕ್ಕಿಬಿದ್ದೆ. ಬೋರ್ಡಿನ ಮೇಲೆ ಎರಡು ಸಮೀಕರಣ ಬರೆದರು, ಒಂದು ಮಾರುವವರದ್ದು, ಒಂದು ಕೊಳ್ಳುವವರದ್ದು. ಎರಡಕ್ಕೂ ಗೆರೆ ಎಳೆದರು. ಗೆರೆಗಳು ಕೂಡಿದ ಜಾಗಕ್ಕೆ ಸೀಮೆಸುಣ್ಣದಿಂದ ಕುಟ್ಟಿ, "ಇದೇ ಕ್ರಯ" ಎಂದರು. "ನಿಮ್ಮ ಗೆರೆ ಕೂಡುವಷ್ಟರಲ್ಲಿ ಬಂಗುಡೆ ನಾರಿ ಹೋಗ್ತದೆ ಮಾಷ್ಟ್ರೆ" ಎಂದೆ ನಾನು. ಎಲ್ಲರೂ ನಕ್ಕರು, ಅವರೂ ನಕ್ಕರು. ಮರುದಿನ ಬೆಳಿಗ್ಗೆ ಶಾಲೆಗೆ ಬಂದವರೇ ಚೀಲವನ್ನೂ ಇಳಿಸದೆ ಬೋರ್ಡಿಗೆ ಹೋಗಿ, ಹೊತ್ತಿಗೂ ಒಂದು ಅಕ್ಷರ ಸೇರಿಸಿ ಅದೇ ಲೆಕ್ಕವನ್ನು ಮತ್ತೆ ಬಿಡಿಸಿದರು. "ಬಿಟ್ಟುಹೋದ್ದು ಎಂತದು ಅಂತ ಹೇಳಿ ಟೀಚರೆ. ಅದಕ್ಕೂ ಒಂದು ಅಕ್ಷರ ಕೊಡುವ" ಎಂದರು. ಜಗತ್ತಿನಲ್ಲಿ ಬಿಟ್ಟುಹೋದದ್ದಕ್ಕೆಲ್ಲ ಒಂದೊಂದು ಅಕ್ಷರ ಕೊಟ್ಟು ಒಳಗೆ ಕರೆದುಕೊಳ್ಳಬಹುದೆಂದು ಆ ಮನುಷ್ಯ ನಿಜವಾಗಿಯೂ ನಂಬಿದ್ದರು. ಅಂಥ ನಂಬಿಕೆಯವರನ್ನು ನಾನು ಆಮೇಲೆ ಕಾಣಲಿಲ್ಲ.

ಆ ವರ್ಷ ಎಲ್ಲ ಕಡೆ ಅಕ್ಕಿಗೆ ತತ್ವಾರ. ರೇಷನ್ ಅಂಗಡಿಗೆ ಗೋಧಿ ಬರುತ್ತಿತ್ತು. ನಮ್ಮ ಜನಕ್ಕೆ ಅದನ್ನು ಏನು ಮಾಡಬೇಕೆಂದೇ ಗೊತ್ತಿರಲಿಲ್ಲ. ಗದ್ದೆ ಇದ್ದವರಿಗೆ ಆ ರೇಷನ್ನೂ ಇಲ್ಲ, ಬೆಳೆಯುವವರಿಗೆ ಯಾಕೆ ಎಂದು. ಅವರೇ ಬೆಳೆದದ್ದರಲ್ಲಿ ಇಂತಿಷ್ಟು ಲೆವಿ ಎಂದು ಸರಕಾರಕ್ಕೆ ಕೊಡಬೇಕಾಗಿತ್ತು. ಮಾಷ್ಟ್ರ ಊರು ಹೊಳೆಯಾಚೆ. ಆ ಊರಿಗೆ ಒಟ್ಟು ಇಷ್ಟು ಅಕ್ಕಿ ಎಂದು ಗೊತ್ತಾಯಿತು. ಯಾವ ಮನೆಯಿಂದ ಎಷ್ಟು ಎಂಬುದನ್ನು ಊರಿನವರೇ ಹಂಚಿಕೊಳ್ಳಬೇಕು. ಸುಗ್ಗಿ ಬೆಳೆಯ ಕೊಯ್ಲು ಮುಗಿದಿತ್ತು. ಪಟೇಲರ ಚಾವಡಿಯಲ್ಲಿ ಜನ ಸೇರಿ ಬೊಬ್ಬೆ ಹೊಡೆದದ್ದೇ ಬಂತು. ನೀನು ಅಡಗಿಸಿಟ್ಟಿದ್ದಿ, ನಿನಗೆ ಪಟೇಲರು ನೆಂಟರು, ಅವನ ಗದ್ದೆ ದೊಡ್ಡದು... ಕೊನೆಗೆ ಪಟೇಲರು ಮಾಷ್ಟ್ರಿಗೆ ಹೇಳಿಕಳಿಸಿದರು. ಊರಿನಲ್ಲಿ ಕಲಿತವರೆಂದರೆ ಅವರೊಬ್ಬರೇ.

ಮಾಷ್ಟ್ರು ಅಂಥ ಒಂದು ಕರೆಗಾಗಿ ಹುಟ್ಟಿದಲ್ಲಿಂದ ಕಾಯುತ್ತಿದ್ದರೋ ಏನೋ. ಸ್ಟಾಫ್ ರೂಮಿಗೆ ಬಂದು ನನ್ನ ಎದುರು ಕುಳಿತು, "ಟೀಚರೆ, ಕನ್ನಡ ಅಕ್ಷರ ಆರಿಸಿ ಕೊಡಿ. ಊರಿನವರಿಗೆ ಓದ್ಲಿಕ್ಕೆ ಆಗಬೇಕು" ಎಂದರು. ಬೆಳೆಗೆ 'ಬೆ', ಬಿತ್ತನೆಗೆ 'ಬಿ', ಕೂಲಿಯವರಿಗೆ ಅಳೆಯುವ ಅಕ್ಕಿಗೆ 'ಕೂ', ಮನೆಯ ತಲೆಗಳಿಗೆ 'ತ' ಎಂದು ನಾನೇ ಆರಿಸಿದ್ದು. ಬೆಳೆಯಿಂದ ಬಿತ್ತನೆ ಕಳೆದು, ಕೂಲಿ ಕಳೆದು, ತಲೆಗೊಂದು ಪಾಲಿನಂತೆ ಮುಂದಿನ ಬೆಳೆಯವರೆಗಿನ ಊಟ ಕಳೆದರೆ ಆ ಮನೆಯಲ್ಲಿ ಮಿಗುವುದೆಷ್ಟೆಂದು ಸಿಗುತ್ತದೆ. ಆ ಮಿಗತೆಯಲ್ಲಿ ಎಷ್ಟು ಭಾಗವನ್ನು ಕೊಡಬೇಕೆಂಬುದು ಒಂದೇ ಒಂದು ಗೊತ್ತಿಲ್ಲದ ಸಂಗತಿ. ಅದಕ್ಕೆ 'ಗ' ಎಂದೆವು. ಪಟೇಲರ ಮನೆಗೂ ಅದೇ 'ಗ', ಗುಡ್ಡದ ತುದಿಯ ಗುಡಿಸಲಿಗೂ ಅದೇ. ಎಲ್ಲ ಮನೆಗಳ ಮಿಗತೆ ಕೂಡಿಸಿ ಊರಿನ ಲೆವಿಯ ಎದುರು ಇಟ್ಟರೆ 'ಗ' ತಾನಾಗಿ ಬಿಡಿಸಿಕೊಳ್ಳುತ್ತದೆ.

"ಅಕ್ಷರಕ್ಕೆ ನೆಂಟರಿಲ್ಲ ಟೀಚರೆ" ಎಂದರು. ಮುಖದಲ್ಲಿ ಎಂಥ ಬೆಳಕಿತ್ತು!

ರಜೆಯ ದಿನಗಳಲ್ಲಿ ಮನೆಮನೆಗೆ ಹೋಗಿ ಕೇಳಿಕೊಂಡು ಬಂದರು. ಅವರ ಅಕ್ಕನ ಮನೆಗೆ ಹೋದ ದಿನ ನಾನೂ ಜೊತೆಗಿದ್ದೆ. ಅಕ್ಕನೇ ಊಟಕ್ಕೆ ಕರೆದಿದ್ದರು. ಮಾಷ್ಟ್ರನ್ನು ಸಾಕಿ ಓದಿಸಿದ್ದು ಈ ಅಕ್ಕ. ಗಂಡ ತೀರಿಹೋಗಿದ್ದರು. ಸಣ್ಣ ಗದ್ದೆ, ಕಣ್ಣು ಕಾಣದ ಒಬ್ಬ ದೊಡ್ಡಮ್ಮ, ಇವರು, ಅಷ್ಟೇ ಮನೆ. ಒಬ್ಬಳೇ ಮಗಳನ್ನು ಅದೇ ಊರಿನ ಗುಡ್ಡದಾಚೆಯ ದೊಡ್ಡ ಮನೆಗೆ ಮದುವೆ ಮಾಡಿ ಕೊಟ್ಟಿದ್ದರು. ಭಾನುವಾರ ಬಂತೆಂದರೆ ತಮ್ಮನಾದವನು ದೋಣಿ ದಾಟಿ ಊಟಕ್ಕೆ ಬರಬೇಕು, ಅದು ನಿಯಮ. ತಮ್ಮನಿಗೆ ಹೋಟೆಲಿನ ಅನ್ನ ಮೈಗೆ ಹಿಡಿಯುವುದಿಲ್ಲ ಎಂದು ಅಕ್ಕನ ಖಂಡಿತವಾದ ಅಭಿಪ್ರಾಯ.

ಮನೆಯವರು ತುಳುವಿನಲ್ಲಿ ಮಾತಾಡುತ್ತಿದ್ದರು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಡಿಸುತ್ತಾ ಬಡಿಸುತ್ತಾ ಅಕ್ಕ ಕೇಳಿದರು: "ತಮ್ಮಾ, ಮಗಳು ಹೆರಿಗೆಗೆ ಬರ್ತಾಳಲ್ಲ. ಅವಳನ್ನು ನಮ್ಮಲ್ಲಿ ಬರೆದಿಯಾ?"

"ಅವಳನ್ನು ಗಂಡನ ಮನೆಯಲ್ಲಿ ಬರೆದಾಯ್ತಲ್ಲ ಅಕ್ಕ. ಒಂದು ತಲೆಯನ್ನು ಎರಡು ಕಡೆ ಬರೆದ್ರೆ ಒಟ್ಟು ತಪ್ಪುತ್ತದೆ."

"ಹೌದಾ" ಎಂದರು ಅಕ್ಕ, ಸಾರಿನ ಪಾತ್ರೆ ತರಲು ಒಳಗೆ ಹೋದರು. ಅಷ್ಟೇ ಮಾತು. ಮಾಷ್ಟ್ರು ಹೇಳಿದ್ದು ಸರಿಯೇ ಇತ್ತು. ಈಗಲೂ ಕುಳಿತು ಯೋಚಿಸಿದರೆ, ಸರಿಯೇ.

ಬೇಸಗೆ ತುಂಬುವ ಮೊದಲು ಚಾವಡಿಯಲ್ಲಿ ಲೆಕ್ಕ ಓದಿಯಾಯಿತು. ಮಾಷ್ಟ್ರು ತಮ್ಮ ಅಕ್ಕನ ಮನೆಗೂ ಅದೇ 'ಗ' ಹಾಕಿದ್ದಾರೆ, ಒಂದು ಸೇರು ಕೂಡ ಬಿಟ್ಟುಕೊಟ್ಟಿಲ್ಲ ಎಂದು ಕೇಳಿದ ಮೇಲೆ ಊರಿನ ಬಾಯಿ ಮುಚ್ಚಿತು. ಪಟೇಲರು ಎದ್ದು ನಿಂತು, ಇಂಥ ನ್ಯಾಯ ನಮ್ಮ ಹಿರಿಯರ ಕಾಲದಲ್ಲೂ ಆಗಿರಲಿಲ್ಲ ಎಂದರಂತೆ. ಅಕ್ಕಿ ಗಾಡಿಯಲ್ಲಿ ಹೋಯಿತು. ಒಂದು ಕೈ ಎತ್ತಿಲ್ಲ, ಒಂದು ಬೈಗಳಿಲ್ಲ. ಮಾಷ್ಟ್ರು ಆ ಇಡೀ ವಾರ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದರು. ಇದನ್ನು ಬರೆದು ಕಾಲೇಜಿನವರಿಗೆ ತೋರಿಸಬೇಕು, ಬೀಜಗಣಿತವಿಲ್ಲದೆ ಅರ್ಥಶಾಸ್ತ್ರ ಕಲಿಸುವುದು ಕುರುಡರಲ್ಲಿ ದಾರಿ ಕೇಳಿದ ಹಾಗೆ ಎಂದು ನನ್ನೊಡನೆ ವಾದ ಮಾಡಿದರು. ನಾನು ವಾದ ಮಾಡದಿದ್ದರೂ ಮಾಡಿದರು.

ಮಳೆ ಹಿಡಿಯುವ ಹೊತ್ತಿಗೆ ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆತಂದರು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಮದುವೆಗೆ ಮೊದಲು ಸೋದರಮಾವನಾದ ಮಾಷ್ಟ್ರು ಅವಳನ್ನು ಎದುರು ಕೂರಿಸಿಕೊಂಡು ಬೀಜಗಣಿತ ಹೇಳಿಕೊಡುತ್ತಿದ್ದರಂತೆ. ತಮ್ಮ ಹೈಸ್ಕೂಲಿನ ಮಕ್ಕಳಿಗಿಂತ ಅವಳದ್ದೇ ಚುರುಕು ಎಂದು ಹೇಳಿಕೊಂಡು ತಿರುಗುತ್ತಿದ್ದರು. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಹಲ್ಲು ಸ್ವಲ್ಪ ಉಬ್ಬು ಎಂದು ಅವಳಿಗೆ ನಾಚಿಕೆ...

ಜೋರು ಮಳೆಯ ಆಟಿ ತಿಂಗಳು ಬಂತು. ಆ ತಿಂಗಳಿನಲ್ಲಿ ನಮ್ಮ ಕಡೆ ಒಳ್ಳೆಯ ಕಾಲದಲ್ಲೂ ಅಕ್ಕಿ ತಳ ಕಾಣುತ್ತದೆ. ಆದರೆ ಆ ಊರಿನಿಂದ ಯಾವ ದೂರೂ ಬಂದಿರಲಿಲ್ಲ. ಮಾಷ್ಟ್ರು ಪ್ರತಿ ಸೋಮವಾರ ಬಂದು, "ನಿನ್ನೆ ಅಕ್ಕನಲ್ಲಿ ಒಳ್ಳೆಯ ಊಟ. ಕುಚ್ಚಲಕ್ಕಿ ಅನ್ನ, ಕೆಸುವಿನ ಪತ್ರೊಡೆ. ಅಷ್ಟು ಸಣ್ಣ ಗದ್ದೆಯವಳ ಮನೆಯಲ್ಲಿ ಆಟಿಯಲ್ಲಿ ಅನ್ನ ಉಂಟು ಅಂದ್ರೆ ನಮ್ಮ 'ಗ' ಸರಿ ಉಂಟು ಅಂತ ಲೆಕ್ಕ" ಎನ್ನುತ್ತಿದ್ದರು.

ಒಂದು ಶನಿವಾರ ಮಳೆ ಸ್ವಲ್ಪ ಬಿಟ್ಟಿತು. ಬಸುರಿಯನ್ನು ನೋಡಿ ಬಂದ ಹಾಗಾಯಿತು ಎಂದು ನಾನೊಬ್ಬಳೇ ದೋಣಿ ದಾಟಿ ಹೋದೆ. ಬರುತ್ತೇನೆಂದು ಹೇಳಿಕಳಿಸಿರಲಿಲ್ಲ. ಅಂಗಳ ದಾಟುವಾಗಲೇ ಆ ವಾಸನೆ. ಅಡುಗೆ ಮನೆಯಲ್ಲಿ ಅಕ್ಕ ಮತ್ತು ಕಣ್ಣು ಕಾಣದ ದೊಡ್ಡಮ್ಮ ಈಂದಿನ ಹುಡಿಯ ಗಂಜಿ ಮುಂದಿಟ್ಟುಕೊಂಡು ಕುಳಿತಿದ್ದರು. ನನ್ನನ್ನು ಕಂಡು ಅಕ್ಕನ ಕೈ ಬಟ್ಟಲಿನ ಮೇಲೆ ಮುಚ್ಚಿಕೊಂಡಿತು. ಅಕ್ಕನನ್ನು ನಾನು ನೋಡಿ ಹೆಚ್ಚು ಕಾಲವಾಗಿರಲಿಲ್ಲ. ಆದರೂ ಇವರ ಕೊರಳಿನ ಎಲುಬು ಯಾವಾಗ ಹೀಗೆ ಹೊರಗೆ ಬಂತು ಎಂದು ಹೆದರಿದೆ.

"ಅಕ್ಕಿ ಮುಗಿದಿದೆಯಾ ಅಕ್ಕಾ?" ಎಂದು ಕೇಳಿಯೇಬಿಟ್ಟೆ.

"ಬಸುರಿಗೆ ಬೇಕಾದಷ್ಟು ಉಂಟು" ಎಂದರು. ಆಮೇಲೆ ಮೆಲ್ಲ ಹೇಳಿದರು. ಅಳಿಯ ಬರುತ್ತಾನೆ, ಬೀಗರ ಕಡೆಯವರು ಬಸುರಿಯನ್ನು ನೋಡಲು ಬರುತ್ತಾರೆ. ಅವರಿಗೆ ಗಂಜಿ ಕೊಡಲಾಗುತ್ತದೆಯೇ? ಅನ್ನವನ್ನೇ ಬಡಿಸಬೇಕು. ಹಾಗೆ ಬಡಿಸಿ ಬಡಿಸಿ ಅಕ್ಕಿಯ ಪಾತ್ರೆ ಖಾಲಿಯಾಯಿತು.

"ಬೀಗರಲ್ಲಿ ಒಂದು ಮಾತು ಹೇಳಬಹುದಿತ್ತಲ್ಲ. ಅವಳ ಪಾಲಿನ ಅಕ್ಕಿ ಅವರ ಮನೆಯಲ್ಲಿ ಉಂಟಲ್ಲ."

ಅಕ್ಕ ನನ್ನನ್ನು ನೋಡಿದ ರೀತಿ... ಏನೂ ತಿಳಿಯದ ಹುಡುಗಿ ಇವಳು ಎಂಬಂತೆ. "ಚೊಚ್ಚಲ ಹೆರಿಗೆಗೆ ಬಂದ ಮಗಳು ಗಂಡನ ಮನೆಯಿಂದ ಅಕ್ಕಿ ತರಿಸಿದ್ಳು ಅಂತಾದ್ರೆ ಅವಳಿಗೆ ಆ ಮನೆಯಲ್ಲಿ ಮತ್ತೆ ಬೆಲೆ ಉಂಟಾ ಟೀಚರೆ? ಸಾಯುವಲ್ಲಿವರೆಗೆ ಅದನ್ನೇ ಆಡಿ ತೋರಿಸ್ತಾರೆ."

"ತಮ್ಮನಿಗಾದ್ರೂ ಹೇಳಬಾರದಾ?"

"ಅವನ ಲೆಕ್ಕವನ್ನು ಊರೇ ಹೊಗಳಿದೆ. ಅವನ ಅಕ್ಕನ ಮನೆಯಲ್ಲೇ ಅಕ್ಕಿ ಇಲ್ಲ ಅಂತಾದ್ರೆ ಅವನ ಮುಖ ಎಲ್ಲಿ ಹೋಗ್ಬೇಕು?"

ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ಹೊಟ್ಟೆಯೊಂದನ್ನು ಬಿಟ್ಟರೆ ಉಳಿದ ಮೈಯೇ ಇಲ್ಲ. ಕಣ್ಣಿನ ಕೆಳಗಿನ ಚರ್ಮ ಎಳೆದು ನೋಡಿದರೆ ಬಿಳಿ ಕಾಗದ. ಪಕ್ಕದಲ್ಲಿ ಒಂದು ಬಟ್ಟಲಿನಲ್ಲಿ ಅರ್ಧ ಉಳಿದ ಅನ್ನ, ಮೇಲೆ ಬಾಳೆಲೆ ಮುಚ್ಚಿತ್ತು. ಯಾಕೆ ಉಣ್ಣಲಿಲ್ಲ ಎಂದು ಗದರಿದೆ. ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದಳು.

"ಅಮ್ಮನಿಗೆ ಹೇಳಬೇಡಿ ಟೀಚರೆ. ನಾನು ಹಸಿವಿಲ್ಲ ಅಂತ ಹೇಳಿ ಅಕ್ಕಿಯೇ ಸ್ವಲ್ಪ ಕಡಿಮೆ ಹಾಕಿಸ್ತೇನೆ. ಹಾಕಿದ್ದರಲ್ಲೂ ಅರ್ಧ ದೊಡ್ಡಮ್ಮನಿಗೆ. ಭಾನುವಾರ ಮಾವ ಬರ್ತಾರಲ್ಲ, ಉಳಿದ ಅಕ್ಕಿಯಲ್ಲಿ ಅವರಿಗೆ ಅನ್ನ ಆಗ್ಬೇಕು."

"ಮಾವನ ಲೆಕ್ಕವೇ ಹಾಳಾಗಿ ಹೋಗಲಿ!" ಎಂದೆ. ನನಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು.

ಅವಳು ನಕ್ಕಳು, ಬಾಯಿಗೆ ಸೆರಗು ಅಡ್ಡ ಹಿಡಿದು. "ಮಾವನ ಲೆಕ್ಕ ತಪ್ಪಿಲ್ಲ ಟೀಚರೆ. ನನ್ನ ಪಾಲು ಅಲ್ಲಿ ಉಂಟು. ಅದು ಗುಡ್ಡ ದಾಟಿ ಬರುದಿಲ್ಲ, ಅಷ್ಟೆ."

ಆ ದಿನವೇ ಮಾಷ್ಟ್ರಿಗೆ ಹೇಳಿಬಿಡಬೇಕೆಂದು ನೆಟ್ಟಗೆ ಕೋಡಿಂಬಾಳಕ್ಕೆ ಹೋದೆ. ಕೋಣೆಗೆ ಬೀಗ. ಪುತ್ತೂರಿಗೆ ಕಾಲೇಜಿನ ಕೆಲಸಕ್ಕೆ ಹೋಗಿದ್ದಾರೆ, ನಾಳೆ ಅಲ್ಲಿಂದಲೇ ಬಂದು ಅಕ್ಕನ ಮನೆಗೆ ಹೋಗುತ್ತಾರಂತೆ ಎಂದರು ಕೋಣೆಯ ಯಜಮಾನರು. ಅವರು ಸಿಕ್ಕಿದ್ದು ಸೋಮವಾರ ಬೆಳಿಗ್ಗೆ, ಸ್ಟಾಫ್ ರೂಮಿನಲ್ಲಿ. ಕೊಡೆ ಮಡಚುತ್ತಿದ್ದರು. ನಾನು ಸುತ್ತಿ ಬಳಸಿ ಹೇಳುವವಳಲ್ಲ. ಎಲ್ಲವನ್ನೂ ಹೇಳಿದೆ. ಅಕ್ಕನ ಮನೆಯಲ್ಲಿ ಅಕ್ಕಿ ಇಲ್ಲ, ಈಂದಿನ ಹುಡಿ ಕುಡಿದು ಬದುಕಿದ್ದಾರೆ, ಬಸುರಿಯ ಮೈಯಲ್ಲಿ ರಕ್ತವಿಲ್ಲ ಎಂದೆ.

"ಎಂತ ಹೇಳ್ತೀರಿ ಟೀಚರೆ! ಹಾಗೆ ಇರ್ಲಿಕ್ಕೆ ಸಾಧ್ಯವೇ ಇಲ್ಲ. ನಾನು ನಿನ್ನೆ ಅಲ್ಲಿ ಉಂಡಿದ್ದೇನೆ. ಎರಡು ಸಲ ಬಡಿಸಿದ್ಳು ಅಕ್ಕ. ಅನ್ನವೇ..."

ಅರ್ಧ ಮಡಚಿದ ಕೊಡೆಯಿಂದ ನೀರು ಅವರ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಆ ಅನ್ನ ಎಲ್ಲಿಂದ ಬಂತೆಂದು ನಾನು ಹೇಳಬೇಕೋ ಬೇಡವೋ ಎಂದು ಒದ್ದಾಡಿದೆ. ಅವರೇ ಕೇಳಿದರು. ಹೇಳಿದೆ. ನನ್ನ ಎದುರು ಒಬ್ಬ ಮನುಷ್ಯ ಮುದುಕನಾದದ್ದನ್ನು ನೋಡಿದೆ.

ಆಮೇಲೆ ಓಡಿದ್ದೇ ಓಡಿದ್ದು. ತಮ್ಮ ರೇಷನ್ ಅಕ್ಕಿ, ಹೋಟೆಲಿನವರ ಕಾಲು ಹಿಡಿದು ತಂದ ಅಕ್ಕಿ, ನನ್ನ ಚಿಕ್ಕಮ್ಮ ಡಬ್ಬ ಬಗ್ಗಿಸಿ ಕೊಟ್ಟ ಅಕ್ಕಿ, ಎಲ್ಲ ಒಂದು ಗೋಣಿಗೆ ತುಂಬಿ ಹೊಳೆಯ ದಡಕ್ಕೆ ಹೋದರು. ಅಷ್ಟರಲ್ಲಿ ಘಟ್ಟದ ಮೇಲಿನ ಮಳೆ ಇಳಿದು ಹೊಳೆ ಕೆಂಪಾಗಿ ತುಂಬಿ ಹೋಗುತ್ತಿತ್ತು. "ಈ ನೀರಿಗೆ ದೋಣಿ ಇಳಿಸುದಿಲ್ಲ ಮಾಷ್ಟ್ರೆ. ಅಕ್ಕಿಯೊಟ್ಟಿಗೆ ನೀವೂ ಹೋಗ್ತೀರಿ" ಎಂದ ದೋಣಿಯವನು. ಮಾಷ್ಟ್ರು ಮನೆಗೆ ಹೋಗಲಿಲ್ಲ. ದಡದಲ್ಲೇ ಕುಳಿತರು. ಶಾಲೆ ಬಿಟ್ಟ ಮೇಲೆ ನಾನು ಹೋಗಿ ನೋಡಿದರೆ ಗೋಣಿಯ ಮೇಲೆ ಕೊಡೆ ಹಿಡಿದು ತಾವು ನೆನೆಯುತ್ತಿದ್ದರು. ಮರುದಿನವೂ ಹಾಗೆಯೇ.

ಕೊನೆಗೆ ನೀರು ಸ್ವಲ್ಪ ಇಳಿಯಿತು, ದೋಣಿ ಹೊರಟಿತು. ನಾನೂ ಹತ್ತಿದೆ. ಹೊಳೆಯ ನಡುವೆ ಇರುವಾಗಲೇ ಆಚೆ ದಡ ಕಂಡಿತು. ನಾಲ್ಕು ಜನ ಒಂದು ಮಂಚ ಹೊತ್ತು ದೋಣಿಗಾಗಿ ಕಾಯುತ್ತಿದ್ದರು. ಪಕ್ಕದಲ್ಲಿ ಅಕ್ಕ. ನೋವು ಶುರುವಾಗಿ ಬಹಳ ಹೊತ್ತಾಗಿತ್ತು, ಸೂಲಗಿತ್ತಿ ಕೈಬಿಟ್ಟಿದ್ದಳು. ಮಾಷ್ಟ್ರು ಗೋಣಿಯನ್ನು ಮರಳಿನ ಮೇಲೆ ಇಳಿಸಿ, ಅಕ್ಕನ ಮಗಳನ್ನು ಅದೇ ದೋಣಿಗೆ ಹತ್ತಿಸಿಕೊಂಡು ವಾಪಸು ಬಂದರು. ಕಡಬದಿಂದ ಒಂದು ಜೀಪು ಸಿಕ್ಕಿತು. ಪುತ್ತೂರಿನ ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಒಂದು ಸಲ ಮಾತ್ರ, "ಮಾವ ಉಂಡ್ರಾ?" ಎಂದು ಕೇಳಿದಳು. ನಾನು ಹೌದು ಎಂದೆ.

ಮಗು ಹೊಟ್ಟೆಯಲ್ಲೇ ಹೋಗಿತ್ತು. ಡಾಕ್ಟರು ಹೊರಗೆ ಬಂದು, ಎದುರಿಗಿದ್ದ ಗಂಡಸು ಇವರೊಬ್ಬರೇ ಆದ್ದರಿಂದ ಇವರನ್ನೇ ಕೇಳಿದರು: "ಇವರಿಗೆ ಸರಿಯಾಗಿ ಊಟ ಕೊಡ್ತಾ ಇದ್ರಾ?" ಮರುದಿನ ಬೆಳಿಗ್ಗೆ ಅವಳೂ ಹೋದಳು.

ಸಾವಿನ ಮನೆಗೆ ಅಕ್ಕಿ ತರುವುದಕ್ಕೆ ಯಾವ ಮಾನ ಮರ್ಯಾದೆಯೂ ಅಡ್ಡ ಬರುವುದಿಲ್ಲ. ನೆಂಟರು ತರಲೇ ಬೇಕು, ಅದೇ ಕ್ರಮ. ಗುಡ್ಡದಾಚೆಯ ಬೀಗರ ಮನೆಯಿಂದ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಮುಡಿ ಮುಡಿ ಅಕ್ಕಿ ಬಂತು. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಆ ಮುಡಿಗಳನ್ನು ಜಗಲಿಯಲ್ಲಿ ಸಾಲಾಗಿ ಇಟ್ಟಿದ್ದರು. ಬೀಗರು ಒಳ್ಳೆಯ ಜನ. ಹೇಳಿದ್ದರೆ ಮೊದಲೇ ಕಳಿಸುತ್ತಿದ್ದರು. ಅವರು ಅಳುತ್ತಾ ಹೇಳಿದ್ದು ಇದನ್ನೇ. ಹೇಳಬೇಕಾದವರು ಯಾರು? ನಾನು ಆ ಜಗಲಿಯಲ್ಲಿ ಕಂಬಕ್ಕೆ ಒರಗಿ ನಿಂತು ಇಡೀ ಲೋಕದ ಮೇಲೆ ಸಿಟ್ಟಾದೆ. ಬೈಯಲು ಒಬ್ಬನೂ ಸಿಗಲಿಲ್ಲ.

ಶಾಲೆಗೆ ಮರಳಿದ ದಿನ ಮಾಷ್ಟ್ರು ಸ್ಟಾಫ್ ರೂಮಿನ ಬೋರ್ಡಿನ ಮೇಲೆ ಇಡೀ ಊರಿನ ಲೆಕ್ಕವನ್ನು ಮೊದಲಿನಿಂದ ಮಾಡಿದರು. ಗಂಟೆ ಹೊಡೆದರೂ ಯಾರೂ ಅವರನ್ನು ಕರೆಯಲಿಲ್ಲ. ಬಿಟ್ಟುಹೋದದ್ದನ್ನು ಹುಡುಕುತ್ತಿದ್ದರು. ಮಗಳು ತವರಿಗೆ ಬರುವುದಕ್ಕೆ ಒಂದು ಅಕ್ಷರ ಹಾಕಿದರು. ಬೀಗರಿಗೆ ಬಡಿಸುವುದಕ್ಕೆ ಒಂದು. ತಮ್ಮ ಭಾನುವಾರದ ಊಟಕ್ಕೆ ಒಂದು. ಗಂಡನ ಮನೆಯಲ್ಲಿ ಉಳಿದ ಪಾಲನ್ನು ತವರಿಗೆ ಸಾಗಿಸುವ ಜಾಗಕ್ಕೆ ಬಂದಾಗ ಸೀಮೆಸುಣ್ಣ ನಿಂತಿತು. ಅಲ್ಲಿ ಹಾಕಲು ಅವರಿಗೆ ಅಕ್ಷರ ಸಿಗಲಿಲ್ಲ. ಕೂಡಿಸಿದರು, ಮತ್ತೆ ಕೂಡಿಸಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಒಟ್ಟು ಸರಿ ಉಂಟು ಟೀಚರೆ. ಎಲ್ಲರಿಗೂ ಆಗುವಷ್ಟು ಅಕ್ಕಿ ಊರಿನಲ್ಲಿ ಇತ್ತು. ಒಟ್ಟು ಸರಿಯೇ ಉಂಟು."

ಲೆಕ್ಕ ತಪ್ಪಿದ್ದರೆ ಮಾಷ್ಟ್ರು ಬದುಕಿಕೊಳ್ಳುತ್ತಿದ್ದರು ಎಂದು ನನಗೆ ಆಗಲೇ ಅನ್ನಿಸಿತು. ತಪ್ಪನ್ನಾದರೂ ತಿದ್ದಬಹುದು.

ಪುತ್ತೂರಿನ ಕಾಲೇಜಿನವರು ಅರ್ಥಶಾಸ್ತ್ರ ಕಲಿಸಲು ಬನ್ನಿ ಎಂದು ಹೇಳಿಕಳಿಸಿದರು. ಮಾಷ್ಟ್ರು ಹೋಗಲಿಲ್ಲ. ಯಾಕೆ ಎಂದು ಬೇರೆಯವರು ಕೇಳಿದರೆ, ಬಸ್ಸಿನ ಪ್ರಯಾಣ ಆಗುವುದಿಲ್ಲ ಎಂದರು. ತರಗತಿಯಲ್ಲಿ ವರ್ಗ, ಘನ, ಅಪವರ್ತನ ಮಾತ್ರ ಕಲಿಸುತ್ತಿದ್ದರು. ಒಬ್ಬ ವ್ಯಾಪಾರಿ, ಒಬ್ಬ ರೈತ ಎಂದು ಶುರುವಾಗುವ ಲೆಕ್ಕಗಳನ್ನು ಪುಸ್ತಕದಲ್ಲಿ ದಾಟಿಸಿ ಮುಂದಕ್ಕೆ ಹೋಗುತ್ತಿದ್ದರು. ಪರೀಕ್ಷೆಗೆ ಬಂದರೆ ಎಂತ ಮಾಡುದು ಎಂದು ಮಕ್ಕಳು ಕೇಳಿದರೆ, ಬಿಟ್ಟುಬಿಡಿ ಎನ್ನುತ್ತಿದ್ದರು. ಹೆಡ್ ಮಾಷ್ಟ್ರು ಒಂದೆರಡು ಸಲ ಗದರಿ ಸುಮ್ಮನಾದರು.

ಒಂದನ್ನು ಮಾತ್ರ ಬಿಡಲಾಗಲಿಲ್ಲ. ಭಾನುವಾರ ಅಕ್ಕನ ಮನೆಗೆ ಹೋಗಲೇ ಬೇಕಾಗಿತ್ತು. ಮಗಳು ತನ್ನ ಪಾಲಿನಲ್ಲಿ ಮಿಗಿಸಿ ಮಾವನಿಗೆ ಇಡುತ್ತಿದ್ದಳೆಂದು ಅಕ್ಕನಿಗೆ ತಿಳಿದಿರಲಿಲ್ಲ. ಹಸಿವಿಲ್ಲ ಎಂದು ಅವಳು ಹೇಳುತ್ತಿದ್ದದ್ದನ್ನು ಬಸುರಿಯ ಸಂಕಟ ಎಂದೇ ಅಕ್ಕ ನಂಬಿದ್ದರು. ನಾನು ಹೇಳಿದ್ದು ಮಾಷ್ಟ್ರಿಗೊಬ್ಬರಿಗೆ. ಶಾಲೆಯ ಹಿಂದಿನ ಗೇರುಮರದ ಕೆಳಗೆ ಒಂದು ದಿನ ಅವರೇ ಮಾತೆತ್ತಿದರು.

"ಈಗಲೂ ಎರಡು ಸಲ ಬಡಿಸ್ತಾಳೆ ಟೀಚರೆ. ಬೇಡ ಅಂದ್ರೆ ಯಾಕೆ ಅಂತ ಕೇಳ್ತಾಳೆ. ಯಾಕೆ ಅಂತ ಹೇಳಿದ್ರೆ ಅಕ್ಕ ಉಳಿತಾಳಾ? ಹಾಗಾಗಿ ಉಣ್ತೇನೆ."

ಅಕ್ಕ ಇರುವವರೆಗೂ ಉಂಡರು. ಒಂದು ಭಾನುವಾರವನ್ನೂ ತಪ್ಪಿಸಿದ್ದು ನನಗೆ ಗೊತ್ತಿಲ್ಲ. ಊಟ ಮುಗಿಸಿ ದೋಣಿ ದಾಟಿ ಬಂದು ದಡದಲ್ಲಿ ಕುಳಿತು ಎಲ್ಲವನ್ನೂ ವಾಂತಿ ಮಾಡುತ್ತಿದ್ದರೆಂದು ದೋಣಿಯವನು ಬಹಳ ಕಾಲದ ಮೇಲೆ ನನ್ನೊಡನೆ ಹೇಳಿದ. ಅವನಿಗೂ ಕಾರಣ ತಿಳಿದಿರಲಿಲ್ಲ. ಮಾಷ್ಟ್ರಿಗೆ ಹೊಟ್ಟೆಯ ಕಾಯಿಲೆ ಎಂದುಕೊಂಡಿದ್ದ.

ಮೊದಲು ಅಕ್ಕ ಹೋದರು, ಕೆಲವು ವರ್ಷಗಳ ಮೇಲೆ ಮಾಷ್ಟ್ರು. ನಾನು ವರ್ಗವಾಗಿ ಪುತ್ತೂರಿಗೆ ಬಂದೆ, ನಿವೃತ್ತಳಾದೆ, ಈಗ ದರ್ಬೆಯ ಈ ಮನೆಯಲ್ಲಿದ್ದೇನೆ. ಮೇಲಿನ ಮಹಡಿಯ ಹುಡುಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಾಳೆ. ಅವಳ ಪುಸ್ತಕದ ತುಂಬ ಸಮೀಕರಣಗಳು, ಮಾಷ್ಟ್ರು ಆಸೆಪಟ್ಟ ಹಾಗೆಯೇ. ತೆರೆದು ನೋಡಿ ಸುಮ್ಮನೆ ಹಿಂದಕ್ಕೆ ಕೊಟ್ಟೆ. ಆ ಅಕ್ಷರಗಳ ಮೇಲೆ ನನಗೆ ಸಿಟ್ಟಿಲ್ಲ. ಅವು ಯಾರ ಮೇಲೂ ಕೈ ಮಾಡಿದ್ದಲ್ಲ. ಆ ಊರಿನಲ್ಲಿ ಯಾರೂ ಯಾರಿಗೂ ಕೆಟ್ಟದ್ದು ಬಯಸಿರಲಿಲ್ಲ, ಅದೇ ನನಗೆ ಇವತ್ತಿಗೂ ನುಂಗಲಾಗದ ಮಾತು.

ಆ ಮಗಳು ಇದ್ದಿದ್ದರೆ ಈಗ ಅವಳಿಗೂ ನನ್ನ ಹಾಗೆ ಮಂಡಿ ನೋವು ಬಂದಿರುತ್ತಿತ್ತು. ಪುತ್ತೂರಿಗೆ ಡಾಕ್ಟರಲ್ಲಿಗೆ ಬಂದವಳು ನನ್ನ ಮನೆಗೂ ಬಂದು, ಈ ಸೋಫಾದ ಮೇಲೆ ಕಾಲು ಚಾಚಿ ಕುಳಿತು, ಮೊಮ್ಮಕ್ಕಳು ಹೇಳಿದ್ದು ಕೇಳುವುದಿಲ್ಲ ಎಂದು ದೂರು ಹೇಳುತ್ತಿದ್ದಳೋ ಏನೋ... ಮಧ್ಯಾಹ್ನದ ಬಸ್ಸಿಗೆ ಹೊರಟು ನಿಂತರೆ ನಾನು ಬಿಡುತ್ತಿರಲಿಲ್ಲ. ಉಂಡುಕೊಂಡೇ ಹೋಗು ಎನ್ನುತ್ತಿದ್ದೆ.